ಹಿಮದಲ್ಲಿ, ಮಂಜಿನಲ್ಲಿ ವಿಮಾನ ನೆಲದ ಮೇಲೆ ಸಾಗುವುದು ಹೇಗೆ?

ಪ್ರಶ್ನೆ: ಜನವರಿಯಲ್ಲಿ ಟೊರಾಂಟೊದ ಮಗನ ಮನೆಯಿಂದ ಊರಿಗೆ ಹೊರಟಾಗ ಹಿಮ ಬೀಳುತ್ತಿತ್ತು. ಬಾಗಿಲು ಹಾಕಿದ ಮೇಲೂ ವಿಮಾನ ಬಹಳ ಹೊತ್ತು ನೆಲದ ಮೇಲೇ ಇತ್ತು. ಆಮೆಗತಿಯಲ್ಲಿ ಹೋಗುವುದು, ನಿಲ್ಲುವುದು. ಮಧ್ಯೆ ರೆಕ್ಕೆಗೆ ಹಸಿರು ದ್ರವ ಹೊಡೆದರು. ಒಮ್ಮೆ ನಿಂತಲ್ಲೇ ಎಂಜಿನ್ ಜೋರಾಗಿ ಸದ್ದು ಮಾಡಿತು. ರೆಕ್ಕೆಯ ಹಿಂದಿನ ಫ್ಲ್ಯಾಪ್ ಇಳಿಸಿದ್ದು ರನ್‌ವೇ ಹತ್ತಿರ ಬಂದ ಮೇಲೆ. ಏನೋ ಕೆಟ್ಟಿದೆ ಎಂದು ಜೀವ ಹಿಡಿದುಕೊಂಡು ಕೂತಿದ್ದೆ. ಇದೆಲ್ಲ ಯಾಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ಅಮ್ಮ, ಏನೂ ಕೆಟ್ಟಿರಲಿಲ್ಲ. ನೀವು ಕಂಡ ಒಂದೊಂದಕ್ಕೂ ಕಾರಣವಿದೆ.

ಒಣ ನೆಲದಲ್ಲಿ, ನೇರ ಟ್ಯಾಕ್ಸಿವೇಯಲ್ಲಿ (ರನ್‌ವೇಗೆ ಹೋಗಿಬರುವ ದಾರಿ) ದೊಡ್ಡ ವಿಮಾನ ಗಂಟೆಗೆ 35ರಿಂದ 50 ಕಿ.ಮೀ. ವೇಗದಲ್ಲಿ ಹೋಗುತ್ತದೆ. ನೆಲ ಜಾರುವಂತಿದ್ದರೆ 18 ಕಿ.ಮೀ.ಗಿಂತ, ಅಂದರೆ 10 ನಾಟ್‌ಗಿಂತ ಕೆಳಗಿಳಿಸುತ್ತಾರೆ. ತಿರುವಿನಲ್ಲಿ ಇನ್ನೂ ನಿಧಾನ. ಮೂತಿಯ ಗಾಲಿ ತಿರುಗಿಸಿದರೂ ಅದು ಅಡ್ಡಡ್ಡ ಜಾರಿ, ವಿಮಾನ ನೇರವಾಗಿಯೇ ಹೋಗಿಬಿಡಬಹುದು. ಜೊತೆಗೆ ಅಡ್ಡಗಾಳಿ ಎತ್ತರದ ಬಾಲಕ್ಕೆ ಹೊಡೆದರೆ ಮೂತಿ ಗಾಳಿಯ ಕಡೆಗೆ ತಿರುಗುತ್ತದೆ. ದಾರಿಯ ಅಂಚಿಗೆ ತಳ್ಳಿ ಗುಡ್ಡೆ ಹಾಕಿದ ಹಿಮ ಬೇರೆ ಇರುತ್ತದೆ. ರೆಕ್ಕೆಯಡಿ ತೂಗುವ ಎಂಜಿನ್ ನೆಲಕ್ಕೆ ಹತ್ತಿರ. ಸ್ವಲ್ಪ ಅತ್ತಿತ್ತ ಜಾರಿದರೂ ಆ ಗುಡ್ಡೆಗೆ ತಾಗುತ್ತದೆ.

ವಿಮಾನ ಮೇಲೇಳಲು ನೆರವಾಗುವ ಫ್ಲ್ಯಾಪ್ ಮೊದಲೇ ಇಳಿಸಿದರೆ ಗಾಲಿಗಳು ಎರಚುವ ಹಿಮದ ಕೆಸರು ಅದರ ಕೀಲುಗಳಲ್ಲಿ ಸೇರಿ ಹೆಪ್ಪುಗಟ್ಟುತ್ತದೆ. ಅದಕ್ಕೇ ಕೊನೆಯಲ್ಲಿ ಇಳಿಸುತ್ತಾರೆ. ಇದರಲ್ಲಿ ಬೇರೆಯೇ ಒಂದು ಅಪಾಯವಿದೆ: ತಡಮಾಡಿದ ಕೆಲಸ ಮರೆತುಹೋಗುತ್ತದೆ. ಫ್ಲ್ಯಾಪ್ ಇಳಿಸದೆ ಹಾರಲು ಹೊರಟರೆ ಅನಾಹುತ. ಹಾಗಾಗಿ ರನ್‌ವೇಗೆ ಹೋಗುವ ಮುನ್ನ ಅದನ್ನು ಮತ್ತೊಮ್ಮೆ ಬಾಯಿಬಿಟ್ಟು ಓದಿ ಪರೀಕ್ಷಿಸುತ್ತಾರೆ.

ನಿಂತಲ್ಲೇ ಬಂದ ಎಂಜಿನ್ ಸದ್ದು ಫ್ಯಾನಿನ ಅಲಗುಗಳಿಗೆ ಕಟ್ಟಿಕೊಂಡ ಐಸ್ ಉದುರಿಸಲು. ನಿಧಾನಗತಿಯಲ್ಲೇ ಬಹಳ ಹೊತ್ತು ಓಡಿದರೆ ಐಸ್ ಕೂರುತ್ತದೆ. ಆಗಾಗ ಕೆಲವು ಸೆಕೆಂಡು ವೇಗ ಏರಿಸಬೇಕು. ಎಷ್ಟು, ಎಷ್ಟೆಷ್ಟು ಹೊತ್ತಿಗೆ ಎಂಬುದು ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ.

ಹಸಿರು ದ್ರವ ಗ್ಲೈಕಾಲ್ ಬೆರೆಸಿದ್ದು. ಸಾಮಾನ್ಯವಾಗಿ ಮೊದಲು ಕಿತ್ತಳೆ ಬಣ್ಣದ ಬಿಸಿ ದ್ರವದಿಂದ ಹಿಮ ತೊಳೆದು, ಮತ್ತೆ ಕೂರದಂತೆ ಈ ಗಟ್ಟಿಯಾದ ಹಸಿರು ದ್ರವ ಹೊಡೆಯುತ್ತಾರೆ. ಅದರ ಕಾವಲು ಇಷ್ಟೇ ಹೊತ್ತು ಎಂಬ ಲೆಕ್ಕವಿದೆ. ಸರದಿ ಬರುವ ಮೊದಲೇ ಅವಧಿ ಮೀರಿದರೆ ಮತ್ತೆ ಪರೀಕ್ಷೆ, ಬೇಕಾದರೆ ಮತ್ತೆ ದ್ರವ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲೋರಿಡಾದ ವಿಮಾನ ಹಾರಿದ ಕೂಡಲೇ ಪೊಟೊಮ್ಯಾಕ್ ನದಿಯ ಸೇತುವೆಗೆ ಬಡಿದು 78 ಜನ ಸತ್ತರು. ಎಂಜಿನ್ನಿನ ಐಸ್ ನಿರೋಧಕ ವ್ಯವಸ್ಥೆ ಚಾಲೂ ಮಾಡಿರಲಿಲ್ಲ. ಮುಂದೆ ನಿಂತಿದ್ದ ವಿಮಾನದ ಬಿಸಿಗಾಳಿಗೆ ರೆಕ್ಕೆಯ ಹಿಮ ಕರಗೀತು ಎಂದು ಅದರ ಹಿಂದೆ ಒತ್ತಿ ನಿಲ್ಲಿಸಿಕೊಂಡಿದ್ದರು. ಕರಗಿದ ಹಿಮ ಮತ್ತೆ ಗಟ್ಟಿಯಾಗಬಲ್ಲದು. ನಿಮ್ಮನ್ನು ಕಾಯಿಸಿದ ಆ ಹೊತ್ತು ಇಂಥದ್ದನ್ನೇ ತಪ್ಪಿಸಲು.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ, ಪೈಲಟ್ ಆಗುವ ಆಸೆ. ದಿಲ್ಲಿಯ ಮಂಜಿನಲ್ಲಿ ವಿಮಾನ ತಾನೇ ಇಳಿಯುತ್ತದಂತೆ. ಹಾಗಾದರೆ ನೆಲದ ಮೇಲೂ ತಾನೇ ಹೋಗಬಹುದಲ್ಲವೇ?
– ಓದುಗರು, ಕಾರವಾರ

ಉತ್ತರ: ಹೋಗುವುದಿಲ್ಲ, ತಂಗಿ. ದಟ್ಟ ಮಂಜಿನಲ್ಲಿ ಇಳಿಯಲು ಇರುವ ಕ್ಯಾಟ್-3ಬಿ ವ್ಯವಸ್ಥೆಯಲ್ಲಿ ರನ್‌ವೇ ಮೇಲೆ 50 ಮೀಟರ್ ಮಾತ್ರ ಕಂಡರೂ ಆಟೊಪೈಲಟ್ ವಿಮಾನ ಇಳಿಸಿ, ರನ್‌ವೇಯ ನಡುಗೆರೆಯಲ್ಲೇ ಓಡಿಸುತ್ತದೆ. ಆದರೆ ರನ್‌ವೇ ಬಿಟ್ಟು ತಿರುಗಿದ ಕೂಡಲೇ ನೂರಾರು ಟನ್ನಿನ ಯಂತ್ರವನ್ನು ಮನುಷ್ಯನೇ ಕಣ್ಣಂದಾಜಿನಲ್ಲಿ ನಡೆಸಬೇಕು. ನನ್ನ ಪ್ರಕಾರ ಮಂಜಿನ ದಿನ ಅತಿ ಕಷ್ಟದ ಭಾಗ ಇದು.

ದಾರಿ ಹೇಳುವುದು ದೀಪಗಳು. ಟ್ಯಾಕ್ಸಿವೇ ನಡುವೆ ಹಸಿರು, ಅಂಚಿಗೆ ನೀಲಿ. ರನ್‌ವೇ ಬಾಯಿಯಲ್ಲಿ ಅಡ್ಡಸಾಲಾಗಿ ಕೆಂಪು ದೀಪಗಳು. ಅದು ಉರಿಯುತ್ತಿರುವಾಗ ‘ಹೋಗಿ’ ಎಂದು ರೇಡಿಯೊದಲ್ಲಿ ಕೇಳಿದರೂ ದಾಟುವಂತಿಲ್ಲ, ನಿಂತು ಕೇಳಬೇಕು. ಹಿಮ ಬಿದ್ದಲ್ಲಿ ಇನ್ನೂ ಕಷ್ಟ: ನೆಲದ ಹಳದಿ ಗೆರೆ ಮುಚ್ಚಿಹೋಗುತ್ತದೆ, ದೀಪಗಳೂ ಹೂತುಹೋಗಬಹುದು. ಆಗ ಮುಂದೆ ‘ಫಾಲೋ ಮಿ’ ಜೀಪು ಕಳಿಸಲು ಕೇಳುವುದು ಜಾಣತನ. ದೊಡ್ಡ ದೀಪ ಹಾಕಿದರೆ ಕಂಡೀತು ಎಂದುಕೊಳ್ಳಬೇಡ. ಮಳೆಗಾಲದಲ್ಲಿ ದೇವಿಮನೆ ಘಾಟಿನ ಮಂಜಿಗೆ ಹೈಬೀಮ್ ಹಾಕಿದ ಹಾಗೆ, ಬೆಳಕೆಲ್ಲ ಕಣ್ಣಿಗೇ ವಾಪಸ್ಸು.

2001ರ ಅಕ್ಟೋಬರ್ 8ರಂದು ಇಟಲಿಯ ಮಿಲಾನಿನ ಲಿನಾಟೆ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಪುಟ್ಟ ಸೆಸ್ನಾ ಜೆಟ್ ಒಂದು ಆರ್5 ದಾರಿ ಹಿಡಿಯಬೇಕಿತ್ತು, ಆರ್6ಕ್ಕೆ ತಿರುಗಿತು. ಫಲಕಗಳು ಸರಿ ಇರಲಿಲ್ಲ, ನೆಲದ ರಡಾರ್ ಇರಲಿಲ್ಲ. ಪೈಲಟ್‌ಗಳು ಹೇಳಿದ ಜಾಗದ ಗುರುತು ನಿಯಂತ್ರಕರಿಗೆ ಅರ್ಥವಾಗಲಿಲ್ಲ. ಯಾರೂ ಅದನ್ನು ಬಗೆಹರಿಸಿಕೊಳ್ಳಲಿಲ್ಲ. ಸೆಸ್ನಾ ರನ್‌ವೇಗೆ ನುಗ್ಗಿತು, ಹಾರಲು ಓಡುತ್ತಿದ್ದ ಎಸ್‌ಎಎಸ್ ಕಂಪನಿಯ ಪ್ರಯಾಣಿಕ ವಿಮಾನ ಅದಕ್ಕೆ ಬಡಿಯಿತು. 118 ಜನ ಹೋದರು. 1977ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೊ ಜೆಟ್‌ಗಳು ಡಿಕ್ಕಿಯಾಗಿ 583 ಜನ ಸತ್ತದ್ದೂ ಮಂಜಿನಲ್ಲಿ, ನೆಲದ ಮೇಲೆಯೇ.

ಇದರಿಂದ ನೀನು ಈಗಲೇ ರೂಢಿಸಿಕೊಳ್ಳಬೇಕಾದ್ದು ಒಂದು. ಎಲ್ಲಿದ್ದೇನೆ ಎಂಬುದರಲ್ಲಿ ಎಳ್ಳಷ್ಟು ಅನುಮಾನ ಬಂದರೂ ವಿಮಾನ ನಿಲ್ಲಿಸು, ರೇಡಿಯೊದಲ್ಲಿ ಹೇಳು. ರನ್‌ವೇ ಮೇಲೇ ಇರಬಹುದು ಅನ್ನಿಸಿದರೆ ಅದನ್ನು ಆ ಕ್ಷಣವೇ ಹೇಳು. ಪಕ್ಕದ ಹಿರಿಯ ಕ್ಯಾಪ್ಟನ್ ಏನೆಂದುಕೊಂಡಾರು ಎಂಬ ಸಂಕೋಚ ಬೇಡ. ನಿಲ್ದಾಣದ ನಕ್ಷೆಯನ್ನು ಗಾಲಿ ಉರುಳುವ ಮೊದಲೇ ಪೈಲಟ್‌ಗಳಿಬ್ಬರೂ ಕೂತು ಓದಬೇಕು.

ಪ್ರಶ್ನೆ: ಅಲಗೇರಿಯಲ್ಲಿ ವಿಮಾನ ನಿಲ್ದಾಣವಾದರೆ ನಮಗೂ ಇದೆಲ್ಲ ಬೇಕೇ?
– ಓದುಗರು, ಅಂಕೋಲಾ

ಉತ್ತರ: ಗ್ಲೈಕಾಲ್ ಬೇಡ. ಆದರೆ ಜೂನ್, ಜುಲೈನ ಮಳೆಯಲ್ಲಿ ಗೆರೆ ಕಾಣುವುದಿಲ್ಲ. ಒದ್ದೆ ನೆಲದಲ್ಲಿ ದೀಪಗಳ ಪ್ರತಿಫಲನವೇ ದಾರಿ ತಪ್ಪಿಸುತ್ತದೆ. ಒಳ್ಳೆಯ ನಡುಗೆರೆ ದೀಪ, ಸ್ಪಷ್ಟ ಫಲಕ, ನೀರು ನಿಲ್ಲದ ಟ್ಯಾಕ್ಸಿವೇ ಕರಾವಳಿಯ ಯಾವ ನಿಲ್ದಾಣಕ್ಕೂ ಬೇಕೇ ಬೇಕು. ಇವನ್ನು ಕಟ್ಟುವಾಗಲೇ ಕೇಳಿ ಮಾಡಿಸಿಕೊಳ್ಳಬೇಕು.