ಫಿಸಿಕ್ಸ್ ಬಾಕಿ ಇಟ್ಟುಕೊಂಡು ಯೂನಿವರ್ಸಿಟಿಗೆ ಹೋಗಬಹುದೇ?

ಪ್ರಶ್ನೆ: ಮೇಡಂ, ನನ್ನ ಮಗಳು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಕಾಲೇಜು) ಎರಡನೇ ವರ್ಷ ಓದುತ್ತಿದ್ದಾಳೆ. ಮುಂದಿನ ವರ್ಷ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಸೇರಿ ಕಂಪ್ಯೂಟರ್ ಸೈನ್ಸ್ ಮುಗಿಸುವ ಆಸೆ ಅವಳಿಗೆ. ಅದಕ್ಕೆ ಬೇಕಾದ 60 ಯೂನಿಟ್ (ಕ್ರೆಡಿಟ್) ಆಗುತ್ತದಂತೆ. ಆದರೆ ಗಣಿತದ ಲೀನಿಯರ್ ಆಲ್ಜಿಬ್ರಾ ಮತ್ತು ಫಿಸಿಕ್ಸ್‌ನ ಎರಡನೇ ಭಾಗ ಬಾಕಿ. "ಅಲ್ಲಿಗೆ ಹೋದ ಮೇಲೆ ಮಾಡ್ತೇನೆ ಅಮ್ಮ" ಅಂತಾಳೆ. ಇನ್ನೊಂದು ವರ್ಷ ಇಲ್ಲೇ ನಿಲ್ಲು ಅನ್ನೋಣ ಅಂದರೆ ಬ್ಯಾಂಕಿನ ಸಾಲ ಜಾಸ್ತಿ ಆಗುತ್ತದೆ. ಏನು ಮಾಡಲಿ?
– ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ನಿಮ್ಮ ಮಗಳು ಹೇಳಿದ ಮಾತನ್ನೇ ನಾನೂ ಒಂದು ಕಾಲದಲ್ಲಿ ಹೇಳಿದ್ದೆ. ಮಂಗಳೂರಿನ ಬಿಜೈಯಿಂದ ಅಮೆರಿಕಕ್ಕೆ ಹೋದವಳು ನಾನು. ಎರಡು ವರ್ಷದ ಕಾಲೇಜು ಮುಗಿಸಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ ಸೇರಿದಾಗ ಬಾಕಿ ಇದ್ದದ್ದು ಒಂದೇ ಒಂದು ಫಿಸಿಕ್ಸ್. ಅದು ಪಾಸಾಗದೆ ಸರ್ಕ್ಯೂಟ್ಸ್ ಕ್ಲಾಸಿಗೆ ಹೆಸರು ಹಚ್ಚಲು ಬಿಡಲಿಲ್ಲ. ಆ ಕ್ಲಾಸು ಅಲ್ಲಿ ನಡೆಯುತ್ತಿದ್ದದ್ದು ವರ್ಷಕ್ಕೊಮ್ಮೆ. ಅದಿಲ್ಲದೆ ಮುಂದಿನ ಯಾವುದೂ ಇಲ್ಲ. ಹೀಗೆ ಒಂದು ವರ್ಷ ಹೋಯಿತು. ಆ ವರ್ಷದ ಫೀಸಿಗೆ ಅಪ್ಪ ಮನೆ ಹಿಂದಿನ ಜಾಗ ಮಾರಿದರು. ಅದು ನನ್ನನ್ನು ಈಗಲೂ ಚುಚ್ಚುತ್ತದೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಸಮಾಧಾನದ ಮಾತು. ಅರ್ಜಿ ಹಾಕುವಾಗ ಬಾಕಿ ಇರುವುದು ಬೇರೆ, ಕಾಲೇಜು ಬಿಡುವಾಗ ಬಾಕಿ ಇರುವುದು ಬೇರೆ. ಅರ್ಜಿ ಅಕ್ಟೋಬರ್‌ನಿಂದ ನವೆಂಬರ್ ಕೊನೆಯವರೆಗೆ. ಸೇರುವುದು ಮುಂದಿನ ಫಾಲ್‌ಗೆ, ಅಂದರೆ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ. ನಡುವೆ ಸ್ಪ್ರಿಂಗ್ ಸೆಮಿಸ್ಟರ್, ಅಂದರೆ ವರ್ಷದ ಮೊದಲ ತಿಂಗಳುಗಳದ್ದು, ಪೂರ್ತಿ ಇದೆ, ಅಲ್ವಾ? ಆ ಸೆಮಿಸ್ಟರ್‌ನಲ್ಲಿ ಏನೇನು ಓದುತ್ತೇನೆ ಎಂದು ಅರ್ಜಿಯಲ್ಲೇ ಬರೆಯಬೇಕು. ಎರಡೂ ವಿಷಯ ಸ್ಪ್ರಿಂಗ್‌ನಲ್ಲೇ ಮುಗಿಯುವುದಾದರೆ ಈ ವರ್ಷವೇ ಅರ್ಜಿ ಹಾಕಲಿ. ಬರೆದ ಮೇಲೆ ಮಾತ್ರ ಹೇಳದೆ ಕೇಳದೆ ಕ್ಲಾಸು ಬಿಡಬಾರದು. ಸಿಕ್ಕಿದ ಸೀಟೂ ರದ್ದಾಗಬಹುದು. ಸೇರುವ ಮುಂಚಿನ ಬೇಸಿಗೆಯಲ್ಲಿ ಮುಗಿಸ್ತೇನೆ ಅಂದರೆ ಒಪ್ಪಬೇಡಿ. ಕಂಪ್ಯೂಟರ್ ಸೈನ್ಸ್‌ನಂಥ ಪೈಪೋಟಿಯ ವಿಭಾಗಗಳು ಸಾಮಾನ್ಯವಾಗಿ ಸ್ಪ್ರಿಂಗ್ ಒಳಗೆ ಮುಗಿದದ್ದನ್ನೇ ನೋಡುತ್ತವೆ. 60 ಯೂನಿಟ್ ಆಯಿತು ಅಂದ ಮಾತ್ರಕ್ಕೆ ಅಲ್ಲಿ ಸೀಟು ಸಿಗುವುದಿಲ್ಲ.

ಇನ್ನು ಆ ಎರಡು ವಿಷಯ ನಿಜಕ್ಕೂ ಬೇಕೇ ಎಂಬುದು. ಅಸಿಸ್ಟ್ ಎಂಬ ವೆಬ್‌ಸೈಟ್ ಇದೆ. ಅವಳ ಕಾಲೇಜು, ಹೋಗಬೇಕಾದ ಕ್ಯಾಂಪಸ್, ಓದಬೇಕಾದ ವಿಷಯ, ಈ ಮೂರನ್ನು ಆರಿಸಿದರೆ ಸೇರುವ ಮುಂಚೆ ಯಾವ ಯಾವ ಕ್ಲಾಸು ಮುಗಿಸಬೇಕು ಎಂಬ ಪಟ್ಟಿ ಬರುತ್ತದೆ. ಆ ಯೂನಿವರ್ಸಿಟಿಗೆ ಪದವಿ ತರಗತಿ ಇರುವ ಕ್ಯಾಂಪಸ್‌ಗಳು ಒಂಬತ್ತು, ಒಂದೊಂದರ ಪಟ್ಟಿಯೂ ಬೇರೆ. ಕೆಲವು ಕಡೆ ಕಂಪ್ಯೂಟರ್ ಸೈನ್ಸ್‌ಗೆ ಫಿಸಿಕ್ಸ್ ಕೇಳುವುದೇ ಇಲ್ಲ. ಗಣಿತದಲ್ಲಿ ಮಾತ್ರ ರಿಯಾಯಿತಿ ನಿರೀಕ್ಷಿಸಬೇಡಿ.

ಸ್ಪ್ರಿಂಗ್‌ನಲ್ಲಿ ಕ್ಲಾಸು ಸಿಗದೇ ಹೋದರೆ? ಆಗ ಕಮ್ಯುನಿಟಿ ಕಾಲೇಜಿನಲ್ಲೇ ಉಳಿಯುವುದು ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಅದೇ ಪಾಠಕ್ಕೆ ಯೂನಿವರ್ಸಿಟಿಯಲ್ಲಿ ಹೊರದೇಶದ ಮಕ್ಕಳು ಕೊಡುವ ಫೀಸು ಎಷ್ಟೋ ಪಟ್ಟು ಜಾಸ್ತಿ. ಸಾಲದ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. ಆದರೆ ಉಳಿಯುವುದಾದರೆ ಐ-20ಯ (ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಡುವ ಪತ್ರ) ಕೊನೆಯ ತಾರೀಖು ನೋಡಲೇಬೇಕು. ಅದು ಮುಗಿಯುವ ಮುಂಚೆಯೇ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವಿಸ್ತರಣೆ ಕೇಳಬೇಕು. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಸೆಮಿಸ್ಟರ್‌ಗೆ 12 ಯೂನಿಟ್ ಓದಬೇಕು, ಬರೇ ಎರಡು ವಿಷಯ ಸಾಲುವುದಿಲ್ಲ. ಆನ್‌ಲೈನ್ ಕ್ಲಾಸು ಆ ಲೆಕ್ಕಕ್ಕೆ ಒಂದೇ ಸೇರುತ್ತದೆ.

ನಮ್ಮ ರಾತ್ರಿ ಒಂಬತ್ತಕ್ಕೆ ಅಲ್ಲಿ ಬೆಳಗ್ಗೆ ಎಂಟೂವರೆ, ಚಳಿಗಾಲದಲ್ಲಾದರೆ ಏಳೂವರೆ. ಆಗ ಫೋನ್ ಮಾಡಿ. ಬೈಯಬೇಡಿ. ಅಸಿಸ್ಟ್ ಪಟ್ಟಿ ಹಿಡಿದುಕೊಂಡು ಅವತ್ತೇ ಕೌನ್ಸೆಲರ್ ಹತ್ತಿರ ಹೋಗು, ಸ್ಪ್ರಿಂಗ್‌ನಲ್ಲಿ ಎರಡೂ ಕ್ಲಾಸು ನಡೆಯುತ್ತದಾ ಅಂತ ಕೇಳು ಅನ್ನಿ. ಅವರು ಏನಂದರು ಅಂತ ನನಗೂ ಬರೆಯಿರಿ.