ಮರಳಿ ಬಂದ ಮಲೇರಿಯಾ: ಮದ್ದು ಸೋತಿತೇ?

ಪ್ರಶ್ನೆ: ನನ್ನ ತಮ್ಮ ಮಂಗಳೂರಿನಲ್ಲಿ ಕಟ್ಟಡ ಕಾಮಗಾರಿಯ ಮೇಲ್ವಿಚಾರಕ. ಕಳೆದ ಮಳೆಗಾಲದಲ್ಲಿ ವೈವಾಕ್ಸ್ ಮಲೇರಿಯಾ ಬಂದಾಗ ಮೂರು ದಿನ ಕ್ಲೋರೋಕ್ವಿನ್ ತೆಗೆದುಕೊಂಡು ಗುಣವಾದ. ಜೊತೆಗೆ ಕೊಟ್ಟಿದ್ದ ಪ್ರೈಮಾಕ್ವಿನ್ ಮಾತ್ರೆಯನ್ನು ಐದಾರು ದಿನಕ್ಕೇ ನಿಲ್ಲಿಸಿದ. ಎರಡು ತಿಂಗಳ ಬಳಿಕ ಮತ್ತೆ ಚಳಿಜ್ವರ ಬಂದಿದೆ. ರಕ್ತಪರೀಕ್ಷೆಯಲ್ಲಿ ಪುನಃ ವೈವಾಕ್ಸ್. ಇದು ಮದ್ದಿಗೆ ಬಗ್ಗದ ಮಲೇರಿಯಾವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಹಾಗೆ ತೋರುವುದಿಲ್ಲ. ವೈವಾಕ್ಸ್ ರೋಗಾಣುಗಳಲ್ಲಿ ಕೆಲವು ಪಿತ್ತಜನಕಾಂಗದಲ್ಲಿ ನಿದ್ರಾವಸ್ಥೆಯಲ್ಲಿ ಅಡಗಿದ್ದು, ವಾರಗಳ ಅಥವಾ ತಿಂಗಳುಗಳ ನಂತರ ಎಚ್ಚೆತ್ತು ರಕ್ತಕ್ಕೆ ಇಳಿಯುತ್ತವೆ. ಕ್ಲೋರೋಕ್ವಿನ್ ರಕ್ತದಲ್ಲಿರುವವನ್ನು ಕೊಲ್ಲುತ್ತದೆಯೇ ಹೊರತು ಅಡಗಿರುವವನ್ನು ಮುಟ್ಟುವುದಿಲ್ಲ. ಆ ಕೆಲಸಕ್ಕೆಂದೇ ಪ್ರೈಮಾಕ್ವಿನ್ ಅನ್ನು 14 ದಿನ ಕೊಡುವುದು. ಜ್ವರ ಬಿಟ್ಟ ಮೇಲೆ ಮಾತ್ರೆ ಏಕೆಂದು ಅನ್ನಿಸುವುದು ಸಹಜವಾದರೂ, ನಿಮ್ಮ ತಮ್ಮ ಕೈಬಿಟ್ಟದ್ದು ಚಿಕಿತ್ಸೆಯ ಅತಿ ಮುಖ್ಯ ಭಾಗವನ್ನೇ. ಕಾಮಗಾರಿಯ ಸ್ಥಳದಲ್ಲಿ ನಿಂತ ನೀರಿನ ಸೊಳ್ಳೆ ಹೊಸದಾಗಿ ಕಚ್ಚಿ ಸೋಂಕು ತಂದಿರುವ ಸಾಧ್ಯತೆಯೂ ಇದೆ. ಕ್ಲೋರೋಕ್ವಿನ್ ಅನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ 28 ದಿನಗಳೊಳಗೆ ರೋಗಾಣು ಮತ್ತೆ ರಕ್ತದಲ್ಲಿ ಕಂಡರೆ ಆಗ ನಿರೋಧಕತೆಯನ್ನು, ಅಂದರೆ ರೋಗಾಣು ಮದ್ದಿಗೆ ಬಗ್ಗದಿರುವುದನ್ನು, ಶಂಕಿಸಬೇಕಾಗುತ್ತದೆ.

ಹಾಗೆಂದು ನಿರೋಧಕತೆ ಸುಳ್ಳಲ್ಲ. ಹೆಚ್ಚು ಮಾರಕವಾದ ಫಾಲ್ಸಿಪಾರಂ ಮಲೇರಿಯಾ ಕ್ಲೋರೋಕ್ವಿನ್‌ಗೆ ಬಗ್ಗದಿರುವುದು ಭಾರತದಲ್ಲಿ 1973ರಲ್ಲೇ ಅಸ್ಸಾಮಿನಲ್ಲಿ ಗೊತ್ತಾಯಿತು. ಕೋಟಿಗಟ್ಟಲೆ ರೋಗಾಣುಗಳ ನಡುವೆ ಆಕಸ್ಮಿಕವಾಗಿ ಮದ್ದನ್ನು ತಾಳಿಕೊಳ್ಳಬಲ್ಲ ಕೆಲವು ಹುಟ್ಟುತ್ತವೆ. ಅರೆಬರೆ ಪ್ರಮಾಣದ ಮದ್ದು ದುರ್ಬಲವಾದವನ್ನು ಮಾತ್ರ ಕೊಂದು ಇವಕ್ಕೆ ಬೆಳೆಯಲು ಜಾಗ ಬಿಟ್ಟುಕೊಡುತ್ತದೆ, ಸೊಳ್ಳೆ ಅವನ್ನು ಮತ್ತೊಬ್ಬರಿಗೆ ಒಯ್ಯುತ್ತದೆ. ಆದ್ದರಿಂದಲೇ ಫಾಲ್ಸಿಪಾರಂಗೆ ಈಗ ಆರ್ಟಿಮಿಸಿನಿನ್ ವರ್ಗದ ಮದ್ದನ್ನು ಒಂಟಿಯಾಗಿ ನುಂಗಿಸದೆ, ಕೆಲವೇ ಗಂಟೆಗಳಲ್ಲಿ ದೇಹದಿಂದ ಹೊರಹೋಗುವ ಅದರ ಜೊತೆಗೆ ದಿನಗಟ್ಟಲೆ ಉಳಿಯುವ ಇನ್ನೊಂದನ್ನು ಸೇರಿಸಿ ಕೊಡುತ್ತಾರೆ. ಕಾಂಬೋಡಿಯದ ಗಡಿಭಾಗದಲ್ಲಿ, ಈಚೆಗೆ ಆಫ್ರಿಕಾದ ರುವಾಂಡಾ, ಉಗಾಂಡಗಳಲ್ಲಿ, ಆರ್ಟಿಮಿಸಿನಿನ್‌ಗೂ ಭಾಗಶಃ ನಿರೋಧಕತೆ ಕಂಡಿದೆ. ಇದು ನನ್ನನ್ನು ನಿಜವಾಗಿ ಕಾಡುವ ಸಂಗತಿ, ಏಕೆಂದರೆ ಅದರ ಜಾಗ ತುಂಬಬಲ್ಲ ಮದ್ದುಗಳು ನಮ್ಮ ಕೈಯಲ್ಲಿ ಹೆಚ್ಚಿಲ್ಲ.

ನಿಮ್ಮ ತಮ್ಮನಿಗೆ ಬೇಕಿರುವುದು ಇನ್ನೂ ಬಲವಾದ ಮದ್ದಲ್ಲ, ಪೂರ್ತಿ ಚಿಕಿತ್ಸೆ. ಹಿಂದೆ ಎಷ್ಟು ಮಾತ್ರೆ ಬಿಟ್ಟುಹೋಯಿತೆಂದು ವೈದ್ಯರಿಗೆ ಮುಚ್ಚಿಡದೆ ಹೇಳಲಿ. ಔಷಧದಂಗಡಿಯಿಂದ ತಾನಾಗಿ ಮಾತ್ರೆ ತಂದು ನುಂಗುವುದು ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಪ್ರೈಮಾಕ್ವಿನ್ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದಾದ್ದರಿಂದ ಆ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಮಾತ್ರೆ ಆರಂಭಿಸಿದ ಮೇಲೆ ಮೂತ್ರ ಕಪ್ಪುಗೆಂಪಾದರೆ ಅದನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.