ಇಲ್ಲದ ಡ್ರ್ಯಾಗನ್ ಮೇಲೆ ಇಷ್ಟು ಆಸೆ ಯಾಕೆ?

ಪ್ರಶ್ನೆ: ಪಿಯುಸಿ ಓದುವ ನನ್ನ ಮಗಳು ‘ಫ್ಲೈಟ್ ರೈಸಿಂಗ್’ ಅನ್ನುವ ಆನ್‌ಲೈನ್ ಆಟದಲ್ಲಿ ಡ್ರ್ಯಾಗನ್ ಸಾಕುತ್ತಾಳೆ. ಈಗಾಗಲೇ ರಾಶಿ ಇವೆ, ಆದರೂ ಅಪರೂಪದ್ದೇ ಬೇಕು ಅಂತ ಕಾಯುತ್ತಾಳೆ. ಮುಟ್ಟೋಕೂ ಆಗದ ಪ್ರಾಣಿ ಅದು, ಅಲ್ವಾ?
– ಒಬ್ಬ ತಾಯಿ, ಹಾಸನ

ಉತ್ತರ: ಒಮ್ಮೆ ಅವಳ ಪಕ್ಕ ಕೂತು ನೋಡಿ. 2013ರಲ್ಲಿ ಶುರುವಾದ ಈ ಆಟದಲ್ಲಿ ಪ್ರತಿ ಡ್ರ್ಯಾಗನ್‌ಗೂ ಮೂರು ಬಣ್ಣ: ಮೈಗೊಂದು, ರೆಕ್ಕೆಗೊಂದು, ಮೇಲಿನ ಗುರುತುಗಳಿಗೆ ಇನ್ನೊಂದು. ಒಟ್ಟು 177 ಬಣ್ಣಗಳನ್ನು ಚಕ್ರದ ಹಾಗೆ ಜೋಡಿಸಿದ್ದಾರೆ, ಮರಿಯ ಬಣ್ಣ ಆ ಚಕ್ರದಲ್ಲಿ ಅಪ್ಪ ಅಮ್ಮನ ಬಣ್ಣಗಳ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಒಂದೊಂದಕ್ಕೂ 10 ಬಣ್ಣ ಸಾಧ್ಯ ಅಂದುಕೊಳ್ಳಿ. ಮೂರೂ ಬೇಕಾದ ಹಾಗೇ ಬರೋದು ಸುಮಾರು ಸಾವಿರ ಮರಿಗೆ ಒಂದು! ಅದಕ್ಕೇ ಮೂರೂ ಕಡೆ ಒಂದೇ ಬಣ್ಣದ ಮರಿ ಅಂದರೆ ಆಟಗಾರರಿಗೆ ಪ್ರಾಣ.

ಮೊಟ್ಟೆ ಇಟ್ಟ ಮೇಲೆ ಮರಿ ತಕ್ಷಣ ಬರಲ್ಲ. ದಿನಾ ಬಂದು ಕಾವು ಕೊಡಬೇಕು, ಐದು ದಿನ. ಮೊಟ್ಟೆ ಒಡೆಯುವ ಆ ಒಂದು ಗಳಿಗೆಗೆ ಅವಳು ಎಷ್ಟು ಉಸಿರು ಬಿಗಿಹಿಡಿದು ಕೂತಿರುತ್ತಾಳೆ ಅಂತ ನೀವೇ ನೋಡುತ್ತೀರಿ.

ಇನ್ನೊಂದು ಥರದ ಅಪರೂಪವೂ ಇದೆ. ಪ್ರತಿ ಡ್ರ್ಯಾಗನ್‌ಗೂ ಒಂದು ನಂಬರ್ ಇರುತ್ತದೆ, ಆಟದ ಮೊದಲ ದಿನಗಳಲ್ಲಿ ಹುಟ್ಟಿದವಕ್ಕೆ ಸಣ್ಣ ನಂಬರ್. ಅಂಥವು ಮತ್ತೆ ಹುಟ್ಟಲ್ಲ, ಹಳೇ ನಾಣ್ಯದ ಹಾಗೆ.

ಇದು ಸುಮ್ನೆ ದುರಾಸೆ ಅಲ್ಲ. ತಿಂಗಳುಗಟ್ಟಲೆ ಜೋಡಿ ಹುಡುಕಿ, ಲೆಕ್ಕ ಹಾಕಿ ತಾನೇ ಬೆಳೆಸಿದ್ದು ಅನ್ನುವ ಹೆಮ್ಮೆ ಜಾಸ್ತಿ. ರಾತ್ರಿ ಊಟ ಆದ ಮೇಲೆ ‘ಈಗ ಯಾವ ಜೋಡಿ ಮೊಟ್ಟೆ ಇಟ್ಟಿದೆಯಮ್ಮ?’ ಅಂತ ಕೇಳಿ ನೋಡಿ.